ಮನೆ ಮುಂದೆ ತಲೆಕೆಳಗಾಗಿ ನಿಂತ ಕಾಫಿ ಬೊಡ್ಡೆ

ಪ್ರೀತಿಯ ಗೆಳೆಯ,

ನಮ್ಮ ಮನೆ ಮುಂದಿನ ಅಲಂಕಾರದ ಫೋಟೋ ನೋಡಿ "ಯಾರ ಹತ್ರ ಮಾಡಿಸಿದೆ, ಎಷ್ಟಾಯ್ತು" ಅಂತ ಕೇಳಿದ್ದೀಯ. ಯಾರ ಹತ್ರಾನೂ ಇಲ್ಲ ಮಾರಾಯ, ನಾನೇ ಮಾಡಿದ್ದು. ಅದಕ್ಕೇ ಬಾಗಿಲ ಎಡಗಡೆ ಎಲ್ಲ ಸ್ವಲ್ಪ ಸೊಟ್ಟ.

ಮೊದಲ ವರ್ಷದ ಎಡವಟ್ಟು ನಿನಗೆ ಹೇಳಿರಲಿಲ್ಲ ಅಲ್ವಾ? ಇಲ್ಲಿ ಮಡಿಕೇರಿಯ ಶುಕ್ರವಾರದ ಸಂತೆಯಿಂದ ಹನ್ನೆರಡು ಮಣ್ಣಿನ ಕುಂಡ ತಂದು, ಹಳದಿ ನೀಲಿ ಆಯಿಲ್ ಪೇಂಟ್ ಬಳಿದು, ಮೆಟ್ಟಿಲಿನ ಎರಡೂ ಬದಿ ಜೋಡಿಸಿದ್ದೆ. ಮೇ ತಿಂಗಳಲ್ಲಿ ಮದುವೆ ಮನೆ ಹಾಗಿತ್ತು. ಜುಲೈ ಮುಗಿಯುವಷ್ಟರಲ್ಲಿ ಪೇಂಟ್ ಹಪ್ಪಳದ ಹಾಗೆ ಉಬ್ಬಿ ಉದುರಿತು. ಮಣ್ಣಿನ ಕುಂಡ ಒಳಗಿನ ನೀರನ್ನು ಹೊರಗೆ ಬಿಡುತ್ತಲೇ ಇರುತ್ತದೆ, ಮೇಲೆ ಪೇಂಟ್ ಕೂತರೆ ಆ ನೀರೇ ಅದನ್ನು ತಳ್ಳಿ ಎಬ್ಬಿಸುತ್ತದೆ. ಉಳಿದದ್ದನ್ನು ಕೆರೆದು ಸುಮ್ನೆ ಬಿಟ್ಟೆ. ಈಗ ಪಾಚಿ ಹಿಡಿದು ಮಖಮಲ್ ಹಾಗಿವೆ. ಅತ್ತೆ ಮಾತ್ರ ಬಂದಾಗಲೆಲ್ಲ "ಇದನ್ನ ತೊಳೆಯೋದಿಲ್ವಾ" ಅನ್ನುತ್ತಾರೆ.

ಫೋಟೋದಲ್ಲಿ ನೀನು ಡ್ರಿಫ್ಟ್‌ವುಡ್, ಅಂದ್ರೆ ನೀರಲ್ಲಿ ತೇಲಿಬಂದ ಮರದ ತುಂಡು ಅಂದುಕೊಂಡಿದ್ದು ಹಳೇ ರೋಬಸ್ಟಾ ಕಾಫಿ ಗಿಡದ ಬೊಡ್ಡೆ. ಹೊಸ ಗಿಡ ನೆಡಲು ಕಿತ್ತು ಹಾಕಿದ್ದರು, ಸೌದೆಗೆ ಹೋಗುತ್ತಿತ್ತು. ಬೇರಿನ ಸಂದಿನ ಮಣ್ಣು ತೆಗೆಯಲು ಮೂರು ಹಲ್ಲುಜ್ಜುವ ಬ್ರಷ್ ಹಾಳಾದವು. ಒಣಗಿಸಿ, ಸಿಪ್ಪೆ ಸುಲಿದು, ಬೇರು ಮೇಲೆ ಬರುವ ಹಾಗೆ ತಲೆಕೆಳಗಾಗಿ ನಿಲ್ಲಿಸಿದೆ. ಕೆಳಗೆ ಚಪ್ಪಡಿ ಕಲ್ಲು ಇಡಲೇಬೇಕು, ನೆಲಕ್ಕೆ ತಾಗಿದರೆ ಗೆದ್ದಲು ಬಿಡುವುದಿಲ್ಲ. ಕಾಂಡ ಕೊರೆಯುವ ಬೋರರ್ ಹುಳು ಹಿಡಿದ ಅರೇಬಿಕಾ ಕಾಫಿ ಬೊಡ್ಡೆ ಎಷ್ಟೇ ಚಂದ ಕಂಡರೂ ತರಬೇಡ. ಅದನ್ನು ಸುಡಬೇಕು, ಇಲ್ಲದಿದ್ದರೆ ಒಳಗಿನ ಹುಳು ದುಂಬಿಯಾಗಿ ಹೊರಬಂದು ಪಕ್ಕದ ತೋಟಕ್ಕೆ ಹೋಗುತ್ತದೆ, ಆಮೇಲೆ ಅವರ ಬೈಗುಳ ಕೇಳಬೇಕು.

ನಾನು ನಿಲ್ಲಿಸಿದ ಬೊಡ್ಡೆಯ ಬೇರಿನ ಕವಲಿಗೆ ಸೀತಾಳೆ ದಂಡೆ ಕಟ್ಟಿದ್ದೇನೆ, ಮರದ ಮೇಲೆ ಬೆಳೆಯುವ ಆರ್ಕಿಡ್ ಅದು. ಕಾಡಿನಿಂದ ಕಿತ್ತದ್ದಲ್ಲ, ನಮ್ಮದೇ ತೋಟದಲ್ಲಿ ಮರಗಸಿ ಮಾಡುವಾಗ, ಅಂದ್ರೆ ನೆರಳಿನ ಮರಗಳ ಕೊಂಬೆ ಕಡಿಯುವಾಗ, ಕೊಂಬೆಯ ಜೊತೆ ಬಿದ್ದದ್ದು. ಅದಕ್ಕೆ ಮಣ್ಣು ಹಾಕಿದರೆ ಕೊಳೆಯುತ್ತದೆ, ತೆಂಗಿನ ನಾರಿಟ್ಟು ಹಗುರವಾಗಿ ಕಟ್ಟಿದರೆ ಸಾಕು. ಒಂದು ವರ್ಷ ಮುನಿಸಿಕೊಂಡ ಹಾಗಿತ್ತು. ಈ ಸಲ ಮೇ ಕೊನೆಗೆ ಒಂದೇ ಒಂದು ಗೊನೆ ಬಿಟ್ಟಿತು, ನರಿ ಬಾಲದ ಹಾಗೆ ಇಳಿಬಿದ್ದು, ಬಿಳಿ ಹೂವಿನ ಮೇಲೆ ಗುಲಾಬಿ ಚುಕ್ಕಿ. ಬೆಳಿಗ್ಗೆ ಕಾಫಿ ಹಿಡಿದು ಅದರ ಮುಂದೆಯೇ ನಿಂತಿರುತ್ತಿದ್ದೆ.

ಸೂರಿನ ನೀರು ಬೀಳುವ ಜಾಗದಲ್ಲಿ ಒಡೆದ ಹೆಂಚುಗಳನ್ನು ಅಂಚು ಮೇಲೆ ಬರುವ ಹಾಗೆ ಹೂತು, ನಡುವೆ ಜಲ್ಲಿ ತುಂಬಿದ್ದೇನೆ. ಮೊದಲು ಕೆಂಪು ಮಣ್ಣು ಸಿಡಿದು ಬಿಳಿ ಗೋಡೆ ಎರಡಡಿ ಎತ್ತರಕ್ಕೆ ಹಾಳಾಗುತ್ತಿತ್ತು. ಹಳೇ ಮನೆಗಳ ಗೋಡೆಯ ಬುಡಕ್ಕೆ ಕಾವಿ ಪಟ್ಟಿ ಯಾಕೆ ಬಳಿಯುತ್ತಿದ್ದರು ಅಂತ ಆಗ ಅರ್ಥವಾಯಿತು. ನಾನೂ ಬಳಿದೆ.

ನಿನ್ನ ಕುಶಾಲನಗರ ಇಲ್ಲಿಂದ 30 ಕಿಲೋಮೀಟರ್ ಅಷ್ಟೆ, ಆದರೆ ಮಡಿಕೇರಿ ಮಳೆಯ ಅರ್ಧವೂ ಅಲ್ಲಿ ಬೀಳುವುದಿಲ್ಲ. ಪಾಚಿಯ ಆಸೆ ಬಿಡು, ಬಿಸಿಲಿದೆ, ಗೇಟಿಗೆ ಬೋಗನ್‌ವಿಲ್ಲಾ ಹಬ್ಬಿಸು. ಸೀತಾಳೆಗೆ ಬೇಸಿಗೆಯಲ್ಲಿ ದಿನಾ ನೀರು ಚಿಮುಕಿಸಬೇಕು, ಆಗುತ್ತಾ ನಿನ್ನಿಂದ?

ಅಂದ ಹಾಗೆ, ನಿಮ್ಮ ಹಳೇ ಮನೆಯ ಹೆಂಚು ಇನ್ನೂ ಬಿಸಾಡಿಲ್ಲ ತಾನೇ? ಒಡೆದದ್ದೂ ಇರಲಿ, ಎತ್ತಿಡು. ಭಾನುವಾರ ಜೀಪ್ ತರುತ್ತೇನೆ.

ನಿನ್ನ ಗೆಳೆಯ