ಹೊಸ ಪಾಸ್‌ವರ್ಡ್ ಇಟ್ಟುಕೊಳ್ಳಿ, ಎಚ್ಚರಿಕೆ ಕಂಡರೆ ಮುಂದೆ ಹೋಗಬೇಡಿ

ಗ್ರಾಹಕ ಬಂಧುಗಳಿಗೆ ನಮಸ್ಕಾರ.

ಬರುವ ತಿಂಗಳ 1ನೇ ತಾರೀಕಿನಿಂದ ನಮ್ಮ ಸಂಘದ ವೆಬ್‌ಸೈಟಿನಲ್ಲಿ ನಿಮ್ಮ ಹಳೆಯ ಪಾಸ್‌ವರ್ಡ್ ನಡೆಯುವುದಿಲ್ಲ. ಲಾಗಿನ್ ಆಗಲು ಹೋದಾಗ ಮೊಬೈಲಿಗೆ ಒಟಿಪಿ ಬರುತ್ತದೆ. ಅದನ್ನು ಹಾಕಿ ಹೊಸದನ್ನು ಇಟ್ಟುಕೊಳ್ಳಬೇಕು. ನಾಲ್ಕು ಬಾಟಲಿ ಅಪ್ಪೆಮಿಡಿ ಉಪ್ಪಿನಕಾಯಿ, ಒಂದು ಡಬ್ಬಿ ಜೋನಿ ಬೆಲ್ಲ ತರಿಸಿಕೊಳ್ಳಲು ಇಷ್ಟು ಉಪದ್ವ್ಯಾಪ ಯಾಕೆ ಎಂದು ನೀವು ಕೇಳುವುದು ಸಹಜ. ತಪ್ಪು ನಮ್ಮದೇ ಆದ್ದರಿಂದ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಲಾಗಿನ್ ಪುಟ ತೆರೆದರೆ ಮೇಲೆ ‘ನಾಟ್ ಸೆಕ್ಯೂರ್’ ಅಂತ ಬರುತ್ತದೆಯಲ್ಲ ಎಂದು ನಿಮ್ಮಲ್ಲಿ ಎಷ್ಟೋ ಜನ ಫೋನ್ ಮಾಡಿದ್ದಿರಿ. ‘ಅದೇನೂ ಆಗೋದಿಲ್ಲ, ಮುಂದೆ ಹೋಗಿ’ ಅಂತ ಇಲ್ಲಿಂದ ಉತ್ತರ ಕೊಟ್ಟಿದ್ದೇವೆ. ನಾನೇ ಹೇಳಿದ್ದೇನೆ. ಹೇಳಬಾರದ ಮಾತು ಅದು. ಎನ್‌ಕ್ರಿಪ್ಷನ್ (ನಡುವೆ ಬೇರೆಯವರು ಓದಲಾಗದಂತೆ ಗುಟ್ಟಿನ ಲಿಪಿಗೆ ತಿರುಗಿಸುವುದು) ಇಲ್ಲದೆ ಪಾಸ್‌ವರ್ಡ್ ಕೇಳುವ ಪುಟಗಳಿಗೆ ಕ್ರೋಮ್ ಬ್ರೌಸರ್ ಈ ಗುರುತು ಹಚ್ಚಲು ಶುರು ಮಾಡಿದ್ದು 2017ರ ಜನವರಿಯಲ್ಲಿ. 2018ರ ಜುಲೈಯಿಂದ ಎಚ್‌ಟಿಟಿಪಿಯಲ್ಲಿರುವ, ಅಂದರೆ ಎನ್‌ಕ್ರಿಪ್ಷನ್ ಇಲ್ಲದ ಎಲ್ಲ ಪುಟಕ್ಕೂ ಅದೇ ಮುದ್ರೆ. ಫೈರ್‌ಫಾಕ್ಸ್ ಅಂತೂ ಪಾಸ್‌ವರ್ಡ್ ಬರೆಯುವ ಚೌಕದ ಕೆಳಗೇ ಎಚ್ಚರಿಕೆ ತೋರಿಸುತ್ತಿತ್ತು. ನಾವು ಏಳಲಿಲ್ಲ.

ಅಡಿಕೆ ಟೆಂಡರ್ ನೋಡಿದವರಿಗೆ ವಿಷಯ ಬೇಗ ಹಿಡಿಯುತ್ತದೆ. ವ್ಯಾಪಾರಿ ದರ ಬರೆದ ಚೀಟಿಯನ್ನು ಮಡಚಿ ಪೆಟ್ಟಿಗೆಗೆ ಹಾಕುತ್ತಿದ್ದ. ಅದೇ ಚೀಟಿಯನ್ನು ಬಿಡಿಸಿ, ಅಂಗಳದಲ್ಲಿ ನಿಂತ ಹತ್ತು ಜನರ ಕೈದಾಟಿಸಿ ಪೆಟ್ಟಿಗೆ ಮುಟ್ಟಿಸಿದರೆ ಹೇಗೆ? ನಮ್ಮ ಹಳೆಯ ಲಾಗಿನ್ ಹಾಗೇ ಇತ್ತು. ಬಸ್‌ಸ್ಟ್ಯಾಂಡಿನ ಬಿಟ್ಟಿ ವೈಫೈನಲ್ಲಿ ಕೂತು ನೀವು ಒತ್ತಿದ ಪಾಸ್‌ವರ್ಡನ್ನು ಅದೇ ವೈಫೈ ಹಿಡಿದವನು ಇದ್ದಂತೆಯೇ ಓದಬಹುದಿತ್ತು. 2010ರಲ್ಲಿ ಫೈರ್‌ಶೀಪ್ ಎಂಬ ಆಡ್‌ಆನ್ (ಬ್ರೌಸರಿಗೆ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂ) ಬಂದಾಗ, ಅದೇ ವೈಫೈನಲ್ಲಿದ್ದ ಪಕ್ಕದವರ ಫೇಸ್‌ಬುಕ್ ಒಳಗೆ ಹೊಕ್ಕಲು ಪಾಸ್‌ವರ್ಡೂ ಬೇಕಿರಲಿಲ್ಲ, ಒಂದು ಕ್ಲಿಕ್ ಸಾಕಿತ್ತು.

ಹಣ ಕಟ್ಟುವ ಪುಟ ನಮ್ಮದಲ್ಲ, ಆನ್‌ಲೈನ್ ಪಾವತಿ ನೋಡಿಕೊಳ್ಳುವ ಪೇಮೆಂಟ್ ಗೇಟ್‌ವೇಯವರದು. ಅದು ಮೊದಲಿನಿಂದಲೂ ಎಚ್‌ಟಿಟಿಪಿಎಸ್‌ನಲ್ಲೇ, ಅಂದರೆ ಎನ್‌ಕ್ರಿಪ್ಷನ್ ಇರುವ ದಾರಿಯಲ್ಲೇ ಇದೆ. ನಿಮ್ಮ ಕಾರ್ಡ್ ನಂಬರನ್ನು ನಮ್ಮ ಸೈಟು ಯಾವತ್ತೂ ಕೇಳಿಲ್ಲ. ಬಯಲಲ್ಲಿ ಓಡಾಡಿದ್ದು ಪಾಸ್‌ವರ್ಡು, ಮನೆ ವಿಳಾಸ, ಫೋನ್ ನಂಬರು. ಅದೇ ಪಾಸ್‌ವರ್ಡನ್ನು ಇಮೇಲಿಗೋ ಬ್ಯಾಂಕಿಗೋ ಇಟ್ಟಿದ್ದರೆ ದಯವಿಟ್ಟು ಅಲ್ಲೂ ಇವತ್ತೇ ಬದಲಿಸಿ.

ಇನ್ನೊಂದನ್ನೂ ಒಪ್ಪಿಕೊಂಡುಬಿಡುತ್ತೇನೆ. ‘ಪಾಸ್‌ವರ್ಡ್ ಮರೆತೆ’ ಎಂದವರಿಗೆ ಹಳೆಯದನ್ನೇ ಇಮೇಲ್ ಮಾಡುತ್ತಿದ್ದೆವು. ಕೆಲವರು ಅದನ್ನು ಮೆಚ್ಚಿಕೊಂಡಿದ್ದೂ ಉಂಟು. ಕಳಿಸಲು ಸಾಧ್ಯವಾಗುತ್ತಿತ್ತು ಎಂದರೆ ಅದು ನಮ್ಮ ಕಂಪ್ಯೂಟರಿನಲ್ಲಿ ಓದಲು ಬರುವಂತೆಯೇ ಇತ್ತು ಎಂದಾಯಿತು. ಇನ್ನು ಮೇಲೆ ನಮ್ಮಲ್ಲಿ ಉಳಿಯುವುದು ಅದರ ಹ್ಯಾಶ್ (ಮರಳಿ ಪಾಸ್‌ವರ್ಡ್ ಮಾಡಲು ಬಾರದ ಗುರುತು) ಮಾತ್ರ. ಮರೆತರೆ ಹೊಸದು ಇಟ್ಟುಕೊಳ್ಳಬೇಕಷ್ಟೆ.

ಇಷ್ಟು ದಿನ ಎಚ್‌ಟಿಟಿಪಿಎಸ್‌ಗೆ ಹೋಗದಿದ್ದುದಕ್ಕೆ ದುಡ್ಡಿನ ನೆಪ ಹೇಳುವ ಹಾಗೂ ಇಲ್ಲ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ 2015ರ ಡಿಸೆಂಬರಿನಿಂದ ಅದಕ್ಕೆ ಬೇಕಾದ ಸರ್ಟಿಫಿಕೇಟನ್ನು (ಈ ವಿಳಾಸ ಈ ಸೈಟಿನದೇ ಎಂಬ ದೃಢೀಕರಣ) ಎಲ್ಲರಿಗೂ ಪುಕ್ಕಟೆ ಕೊಡುತ್ತಿದೆ. ನಾವೂ ಈಗ ಅದನ್ನೇ ತೆಗೆದುಕೊಂಡಿದ್ದೇವೆ. ಅದರ ಆಯಸ್ಸು 90 ದಿನ, ತಾನಾಗಿ ನವೀಕರಣವಾಗುತ್ತದೆ.

ಹಾಗಾಗಿ ಇನ್ನು ಮುಂದೆ ಕೆಂಪು ಎಚ್ಚರಿಕೆ ಕಂಡರೆ ಅಲ್ಲಿಗೇ ನಿಲ್ಲಿಸಿ. ಮೊದಲು ಫೋನಿನ ತಾರೀಕು ನೋಡಿ. ತಾರೀಕು ತಪ್ಪಿದ್ದರೂ ಬ್ರೌಸರ್ ಸರ್ಟಿಫಿಕೇಟನ್ನು ಒಪ್ಪುವುದಿಲ್ಲ. ಆಂಡ್ರಾಯ್ಡ್ 7.0 ಅಥವಾ ಅದಕ್ಕೂ ಹಳೆಯ ಫೋನಾದರೆ ನಮ್ಮ ಸರ್ಟಿಫಿಕೇಟ್ ಕೊಟ್ಟವರ ಪರಿಚಯ ಅದಕ್ಕೆ ಇಲ್ಲದಿರಬಹುದು. ಅಂಥವರು ಕೌಂಟರಿಗೆ ಫೋನ್ ಮಾಡಿ ಆರ್ಡರ್ ಹೇಳಿ, ಬರೆದುಕೊಳ್ಳುತ್ತೇವೆ. ಎರಡೂ ಅಲ್ಲದಿದ್ದರೆ ದೋಷ ನಮ್ಮ ಕಡೆಯದು, ತಿಳಿಸಿ.

ಬ್ರೌಸರಿನಲ್ಲಿ ಸೈಟಿನ ವಿಳಾಸದ ಪಕ್ಕ ಕಾಣುತ್ತಿದ್ದ ಬೀಗದ ಚಿತ್ರ ಹುಡುಕಬೇಡಿ. ಕ್ರೋಮ್ ಅದನ್ನು 2023ರಲ್ಲೇ ತೆಗೆದುಹಾಕಿದೆ, ಅದೂ ಒಳ್ಳೆಯದೇ ಆಯಿತು. ಬೀಗ ಇದ್ದರೆ ಅಂಗಡಿಯವನು ಸಾಚಾ ಎಂದು ಬಹಳ ಜನ ತಿಳಿದಿದ್ದರು. ಕಳ್ಳ ಸೈಟಿಗೂ ಸರ್ಟಿಫಿಕೇಟ್ ಸಿಗುತ್ತದೆ.

ಒಟಿಪಿ ಹೇಳಿ ಎಂದು ಸಂಘದಿಂದ ಯಾರೂ ಫೋನ್ ಮಾಡುವುದಿಲ್ಲ. ಈ ಪತ್ರದಲ್ಲಿ ಲಿಂಕ್ ಕೊಡದಿರುವುದೂ ಬೇಕೆಂದೇ. ಮನೆಯಲ್ಲಿರುವ ಉಪ್ಪಿನಕಾಯಿ ಬಾಟಲಿಯ ಲೇಬಲ್ ಮೇಲೆ ವೆಬ್‌ಸೈಟಿನ ವಿಳಾಸ ಇದೆ, ಅದನ್ನು ನೋಡಿ ನೀವೇ ಟೈಪ್ ಮಾಡಿ.

ಇತಿ,
ಕಾರ್ಯದರ್ಶಿ