ಬಂದರಿನ ಲೆಕ್ಕ ಕಡಲಿನ ಲೆಕ್ಕವಲ್ಲ

ಮಾನ್ಯ ಸಂಪಾದಕರೇ,

ಬಂದರಿಗೆ ಒಂದು ವರ್ಷ ಜಾಸ್ತಿ ಮೀನು ಬಂದರೆ ಸಾಕು, ‘ಕಡಲಲ್ಲಿ ಮೀನು ಹೆಚ್ಚಿದೆ’ ಎಂದು ಪತ್ರಿಕೆಗಳು ಬರೆದುಬಿಡುತ್ತವೆ. ಇದು ಸರಿಯಲ್ಲ. ಮೀನುಗಾರರು ಮೀನು ಇರುವ ಕಡೆಗೇ ಹೋಗುತ್ತಾರೆ, ಅದು ಅವರ ಕಸುಬು. ಬಲೆ ದೊಡ್ಡದಾಗಿರಬಹುದು, ಮೀನಿನ ಗುಂಪು ಹುಡುಕುವ ಯಂತ್ರ ಹೊಸದಿರಬಹುದು, ಕಡಲಲ್ಲಿ ಕಳೆದ ದಿನಗಳೇ ಹೆಚ್ಚಿರಬಹುದು. ಮೀನು ಕಮ್ಮಿಯಾಗುತ್ತಿದ್ದರೂ ಬೋಟು ತುಂಬಿಯೇ ಬರುತ್ತಿರುತ್ತದೆ.

ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಬಳಿಯ ಕಾಡ್ ಮೀನಿನ ವಿಷಯದಲ್ಲಿ ಹೀಗೇ ಆಯಿತು. 1980ರ ದಶಕದಲ್ಲಿ ದೊಡ್ಡ ಟ್ರಾಲರ್‌ಗಳ ಲೆಕ್ಕ ಚೆನ್ನಾಗಿಯೇ ಇತ್ತು. ಉಳಿದ ಮೀನು ಗುಂಪುಗೂಡಿತ್ತು, ಟ್ರಾಲರ್‌ಗಳು ಆ ಗುಂಪನ್ನೇ ಹುಡುಕಿ ಹಿಡಿಯುತ್ತಿದ್ದವು. ಸಂಶೋಧನಾ ಹಡಗಿನ ಸರ್ವೆ ಅಷ್ಟೊಂದು ಮೀನು ತೋರಿಸುತ್ತಿರಲಿಲ್ಲ. ಕೊನೆಗೆ 1992ರ ಜುಲೈ 2ರಂದು ಅಲ್ಲಿ ಕಾಡ್ ಹಿಡಿಯುವುದಕ್ಕೇ ನಿಷೇಧ ಬಂತು. ಸುಮಾರು 30 ಸಾವಿರ ಜನ ಕೆಲಸ ಕಳೆದುಕೊಂಡರು. ಎರಡು ವರ್ಷಕ್ಕೆಂದು ಹೇರಿದ ನಿಷೇಧ ಮೂರು ದಶಕ ದಾಟಿತು.

ಸರ್ವೆ ಹಡಗು ಮೀನು ನೋಡಿ ಬಲೆ ಬಿಡುವುದಿಲ್ಲ. ಕಡಲನ್ನು ಆಳಕ್ಕೆ ತಕ್ಕಂತೆ ವಲಯಗಳಾಗಿ ವಿಂಗಡಿಸಿ, ಪ್ರತಿ ವಲಯದಲ್ಲೂ ಚೀಟಿ ಎತ್ತಿದ ಹಾಗೆ ಜಾಗ ಆರಿಸುತ್ತಾರೆ. ಪ್ರತಿ ವರ್ಷವೂ ಅದೇ ಬಲೆ, ಅದೇ ವೇಗ, ಅಷ್ಟೇ ಹೊತ್ತು. ಬಲೆ ಖಾಲಿ ಬಂದರೆ ಆ ಸೊನ್ನೆಯನ್ನೂ ಬರೆದುಕೊಳ್ಳುತ್ತಾರೆ. ಸುಮ್ನೆ ಡೀಸೆಲ್ ಸುಟ್ಟರು ಎಂದು ಬೈಯುವವರಿದ್ದಾರೆ. ಆದರೆ ಮೀನು ಯಾವ ಜಾಗ ಬಿಟ್ಟುಹೋಗಿದೆ ಅನ್ನುವುದು ಗೊತ್ತಾಗುವುದು ಆ ಸೊನ್ನೆಯಿಂದಲೇ ಅಲ್ವಾ?

ಬಂದರಿನಲ್ಲಿ ಅಳತೆ ಬೇಡ ಎಂದಲ್ಲ. ಅಲ್ಲೂ ಕ್ರಮ ಬೇಕು. ಎಷ್ಟೋ ಕಡೆ ದಡಕ್ಕೆ ಬರುವಷ್ಟರಲ್ಲಿ ಮೀನನ್ನು ಗಾತ್ರ ನೋಡಿ ಬೇರೆ ಬೇರೆ ಕ್ರೇಟಿಗೆ ತುಂಬಿರುತ್ತಾರೆ. ಎದುರಿಗಿದ್ದ ದಪ್ಪ ಮೀನಿನ ಕ್ರೇಟನ್ನಷ್ಟೇ ಅಳೆದು ಹೊರಟರೆ, ಕಾಗದದ ಮೇಲೆ ಕಡಲಿನ ಮೀನೆಲ್ಲ ದಪ್ಪದ್ದೇ! ಪ್ರತಿ ಗಾತ್ರದ ಕ್ರೇಟಿನಿಂದಲೂ ಸ್ಯಾಂಪಲ್ ತೆಗೆದು, ಆ ಗಾತ್ರದ ಒಟ್ಟು ತೂಕಕ್ಕೆ ತಕ್ಕಂತೆ ಲೆಕ್ಕ ಹಿಡಿಯಬೇಕು. ಇನ್ನೊಂದು ವಿಷಯ. ಒಂದೇ ಸಲ ಬಲೆಗೆ ಬಿದ್ದ ಮೀನುಗಳು ಗಾತ್ರದಲ್ಲೂ ವಯಸ್ಸಿನಲ್ಲೂ ಬಹುಮಟ್ಟಿಗೆ ಒಂದೇ ಥರ ಇರುತ್ತವೆ. ಹಾಗಾಗಿ ಒಂದು ಬೋಟಿನ 200 ಮೀನು ಅಳೆಯುವುದಕ್ಕಿಂತ 10 ಬೋಟುಗಳಿಂದ ತಲಾ 20 ಅಳೆಯುವುದು ಮೇಲು. ಓಡಾಟ ಜಾಸ್ತಿ ನಿಜ. ಅದಕ್ಕೆ ಬೇಕಾದಷ್ಟು ಸಿಬ್ಬಂದಿ ಕೊಡಲಿ.

ಕೆಲವು ಮೀನುಗಳ ತಲೆಯಿಂದ ಒಟೊಲಿತ್ ಎಂಬ ಸಣ್ಣ ಕಲ್ಲು ತೆಗೆದು, ಅದರ ಉಂಗುರ ಎಣಿಸಿ ವಯಸ್ಸು ಹೇಳುತ್ತಾರೆ. ವರ್ಷದಿಂದ ವರ್ಷಕ್ಕೆ ವಯಸ್ಸಾದ ಮೀನು ಕಮ್ಮಿಯಾಗುತ್ತಾ ಹೋದರೆ, ಹಿಡಿಯುವುದು ಮಿತಿ ಮೀರಿರಬಹುದು ಎಂದು ಎಚ್ಚರವಾಗಬೇಕು. ಕಡಲಲ್ಲೇ ಎಸೆದ ಮರಿಮೀನಂತೂ ಬಂದರಿನ ಯಾವ ಲೆಕ್ಕಕ್ಕೂ ಸಿಗದು. ಅದನ್ನು ಬರೆದುಕೊಳ್ಳಲು ಬೋಟಿನಲ್ಲೇ ಒಬ್ಬರು ಇರಬೇಕು.

ಪತ್ರಿಕೆಯಿಂದ ಒಂದು ಸಹಾಯ ಬೇಕು. ಮುಂದೆ ಮೀನಿನ ಅಂಕಿಅಂಶ ಅಚ್ಚು ಹಾಕುವಾಗ ಟನ್‌ಗಳ ಜೊತೆಗೆ ಎಷ್ಟು ಬೋಟು ಹೋಗಿದ್ದವು, ಎಷ್ಟು ಗಂಟೆ ಬಲೆ ಎಳೆದವು, ಸರ್ವೆ ಏನು ಹೇಳುತ್ತದೆ ಎಂಬುದನ್ನೂ ಕೊಡಿ. ಆ ವರ್ಷ ಸರ್ವೆಯೇ ನಡೆದಿಲ್ಲ ಎಂದಾದರೆ ಅದನ್ನೇ ತಲೆಬರಹ ಮಾಡಿ.

ಇತಿ,
ಒಬ್ಬ ಓದುಗ