ಮಗಳಿಗೊಂದು ಪತ್ರ: ಸಿಪಿಎ ಕೋಚಿಂಗಿಗೆ ದುಡ್ಡು ಕಟ್ಟುವ ಮುಂಚೆ

ಪ್ರೀತಿಯ ಪುಟ್ಟಿ,

ಬಿ.ಕಾಂ. ಮುಗಿಸಿ ಅಮೆರಿಕದ ಸಿಪಿಎ, ಅಂದರೆ ನಮ್ಮ ಸಿಎಯಂಥ ಅಲ್ಲಿನ ಅರ್ಹತೆ, ಮಾಡುತ್ತೇನೆ ಅಂದೆಯಲ್ಲ, ಮಾಡು. ಆದರೆ ಮೊದಲು ನಿನ್ನ ಪಾಸ್‌ಪೋರ್ಟನ್ನೂ ಮಾರ್ಕ್ಸ್ ಕಾರ್ಡನ್ನೂ ಪಕ್ಕಪಕ್ಕ ಇಟ್ಟು ನೋಡು. ಒಂದರಲ್ಲಿ ಬರೀ ಇನಿಷಿಯಲ್, ಇನ್ನೊಂದರಲ್ಲಿ ಅಪ್ಪನ ಹೆಸರೇ ಸರ್‌ನೇಮ್. ನಮ್ಮ ಕಡೆಯವರು ಎಡವುವುದು ಇಲ್ಲೇ. ಪರೀಕ್ಷೆ ನಡೆಸುವ ಬೆಂಗಳೂರಿನ ಪ್ರೊಮೆಟ್ರಿಕ್ ಕೇಂದ್ರದಲ್ಲಿ ತೋರಿಸಬೇಕಾದದ್ದು ಪಾಸ್‌ಪೋರ್ಟ್. ಪರೀಕ್ಷೆಗೆ ಕೂರಲು ಸಿಗುವ ಎನ್‌ಟಿಎಸ್ ಚೀಟಿಯ ಹೆಸರು ಅದಕ್ಕೆ ತಾಳೆಯಾಗದಿದ್ದರೆ ಬಾಗಿಲಲ್ಲೇ ವಾಪಸ್, ಕಟ್ಟಿದ ಫೀಸೂ ಹೋದ ಹಾಗೆಯೇ. ಅರ್ಜಿಯಲ್ಲಿ ಪಾಸ್‌ಪೋರ್ಟಿನ ಹೆಸರನ್ನೇ ಬರೆ.

ಆಮೇಲೆ ಕ್ರೆಡಿಟ್, ಅಂದರೆ ಎಷ್ಟು ಓದಿದ್ದೀಯ ಎಂದು ಅಳೆಯುವ ಲೆಕ್ಕ. ನಮ್ಮ ಕಾಲೇಜಿನ ಒಂದು ವರ್ಷಕ್ಕೆ ಸಾಮಾನ್ಯವಾಗಿ 30 ಕ್ರೆಡಿಟ್ ಹಿಡಿಯುತ್ತಾರೆ. ಮೂರು ವರ್ಷದ ಬಿ.ಕಾಂ.ಗೆ 90. ಅಮೆರಿಕದ ಬಹಳಷ್ಟು ರಾಜ್ಯಗಳು ಪರೀಕ್ಷೆಗೆ ಕೂರಲೇ 120 ಕೇಳುತ್ತವೆ, ಲೈಸೆನ್ಸಿಗೆ ರೂಢಿಯಲ್ಲಿರುವುದು 150. ಎಂ.ಕಾಂ. ಸೇರಿದರೆ ಲೆಕ್ಕ ಹೆಚ್ಚೂಕಡಿಮೆ ಕೂಡಿಬರುತ್ತದೆ. ಒಟ್ಟು ಸಂಖ್ಯೆ ಮುಟ್ಟಿದರೂ ಅಕೌಂಟಿಂಗಿನ ಕ್ರೆಡಿಟ್ ಇಷ್ಟಿರಬೇಕು ಎಂದು ಲೈಸೆನ್ಸ್ ಕೊಡುವ ಪ್ರತಿ ರಾಜ್ಯದ ಬೋರ್ಡಿಗೂ ತನ್ನದೇ ಷರತ್ತು. ಕನ್ನಡ, ಇಂಗ್ಲಿಷ್ ಪತ್ರಿಕೆಗಳು ಅದಕ್ಕೆ ಲೆಕ್ಕಕ್ಕೆ ಬಾರವು. ಓಹಿಯೋದಂಥ ರಾಜ್ಯಗಳು 150ರ ಬದಲು ಪದವಿ ಮತ್ತು ಎರಡು ವರ್ಷದ ಅನುಭವದ ದಾರಿಯನ್ನೂ ತೆರೆದಿವೆ. ಆದರೆ ಮೂರು ವರ್ಷದ ಪದವಿ ಅಲ್ಲಿನ ನಾಲ್ಕು ವರ್ಷದ ಪದವಿಗೆ ಸಮವೋ ಅಲ್ಲವೋ ಎನ್ನುವುದರಲ್ಲಿ ಮೌಲ್ಯಮಾಪನ ಸಂಸ್ಥೆಗಳಿಗೇ ಒಮ್ಮತವಿಲ್ಲ. ಕೆಲವು ಬೋರ್ಡುಗಳು ಲೈಸೆನ್ಸಿಗೆ ಸೋಷಿಯಲ್ ಸೆಕ್ಯುರಿಟಿ ನಂಬರ್ (ಅಮೆರಿಕ ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಕೇಳುತ್ತವೆ, ಭಾರತದಲ್ಲೇ ಇರುವವಳಿಗೆ ಅದೆಲ್ಲಿಂದ ಬರಬೇಕು? ಗೆಳತಿ ಆರಿಸಿದ ರಾಜ್ಯವನ್ನೇ ಕಣ್ಣುಮುಚ್ಚಿ ಆರಿಸಬೇಡ.

ಪತ್ರಿಕೆಗಳು ನಾಲ್ಕು, 2024ರಿಂದ ಅವುಗಳ ಹಂಚಿಕೆ ಹೀಗಿದೆ. ಎಫ್‌ಎಆರ್ (ಹಣಕಾಸು ಲೆಕ್ಕಪತ್ರ), ಎಯುಡಿ (ಆಡಿಟ್), ಆರ್‌ಇಜಿ (ತೆರಿಗೆ ಮತ್ತು ಕಾನೂನು) ಎಲ್ಲರಿಗೂ. ಬಿಎಆರ್ (ವ್ಯವಹಾರ ವಿಶ್ಲೇಷಣೆ ಮತ್ತು ವರದಿ), ಐಎಸ್‌ಸಿ (ಮಾಹಿತಿ ವ್ಯವಸ್ಥೆ ಮತ್ತು ನಿಯಂತ್ರಣ), ಟಿಸಿಪಿ (ತೆರಿಗೆ ಪಾಲನೆ ಮತ್ತು ಯೋಜನೆ) ಈ ಮೂರರಲ್ಲಿ ನಿನಗೆ ಬೇಕಾದ್ದೊಂದು. ಒಂದೊಂದಕ್ಕೂ ನಾಲ್ಕು ಗಂಟೆ, ಪಾಸಾಗಲು 75. ಅದು ನೂರಕ್ಕೆ ಎಪ್ಪತ್ತೈದಲ್ಲ, ಪ್ರಶ್ನೆಯ ಕಷ್ಟ ನೋಡಿ ಹೊಂದಿಸಿದ ಅಂಕ.

ಎಫ್‌ಎಆರ್ ಮೊದಲು ಬರೆ. ಬಿ.ಕಾಂ.ನಲ್ಲಿ ಚೆನ್ನಾಗಿ ಓದಿದವರನ್ನೇ ಅದು ಬೀಳಿಸುತ್ತದೆ, ಏಕೆಂದರೆ ಕೈ ತಾನಾಗಿ ಇಲ್ಲಿಯ ಉತ್ತರ ಬರೆದುಬಿಡುತ್ತದೆ. ನಮ್ಮ ಲೆಕ್ಕಪತ್ರ ನಿಯಮವಾದ ಇಂಡ್ ಎಎಸ್‌ನಲ್ಲಿ ಇಲ್ಲದ ಲೈಫೊ (ಕೊನೆಗೆ ಬಂದ ಸರಕೇ ಮೊದಲು ಹೋಯಿತೆಂದು ಹಿಡಿಯುವ ಲೆಕ್ಕ) ಅಮೆರಿಕದ ನಿಯಮದಲ್ಲಿ ಉಂಟು. ಕಟ್ಟಡದ ಬೆಲೆ ಏರಿತೆಂದು ಮರುಮೌಲ್ಯ ಮಾಡುವಂತಿಲ್ಲ. ಬಳಕೆಯಲ್ಲಿರುವ ಆಸ್ತಿಗೆ ಒಮ್ಮೆ ಇಂಪೇರ್‌ಮೆಂಟ್ (ಬೆಲೆ ಕುಸಿದಷ್ಟನ್ನು ಕಳೆಯುವುದು) ಬರೆದರೆ ಮತ್ತೆ ಏರಿಸುವಂತಿಲ್ಲ. ಹೊಸ ಉತ್ಪನ್ನ ರೂಪಿಸುವ ಡೆವಲಪ್‌ಮೆಂಟ್ ಖರ್ಚು ಸಾಮಾನ್ಯವಾಗಿ ಆ ವರ್ಷದ ಖರ್ಚೇ. ಇಂಥ ವ್ಯತ್ಯಾಸಗಳಿಗೆಂದೇ ಒಂದು ನೋಟ್‌ಬುಕ್ ಇಡು. ಎಡಪುಟದಲ್ಲಿ ನಮ್ಮದು, ಬಲಪುಟದಲ್ಲಿ ಅವರದು. ರಾಜ್ಯ, ಊರಾಡಳಿತಗಳ ಲೆಕ್ಕಪತ್ರದ ಭಾಗ ನಿನಗೆ ಪೂರ್ತಿ ಹೊಸದು, ಕೊನೆಗೆ ಓದಿದರಾಯಿತು ಎನ್ನಬೇಡ.

ಪರೀಕ್ಷೆಯಲ್ಲಿ ಸಮಯ ತಿನ್ನುವುದು ಸಿಮ್ಯುಲೇಷನ್, ಅಂದರೆ ನಿಜವಾದ ಕೆಲಸದ ಹಾಗೆ ಬಿಡಿಸಬೇಕಾದ ದೊಡ್ಡ ಪ್ರಶ್ನೆ. ಎಫ್‌ಎಆರ್‌ನಲ್ಲಿ ಆಯ್ಕೆ ಪ್ರಶ್ನೆ 50, ಸಿಮ್ಯುಲೇಷನ್ 7, ಎರಡಕ್ಕೂ ಅರ್ಧರ್ಧ ತೂಕ. ಆಯ್ಕೆ ಪ್ರಶ್ನೆಗೆ ಒಂದೂವರೆ ನಿಮಿಷದಂತೆ 75 ನಿಮಿಷ, ಸಿಮ್ಯುಲೇಷನ್ ಒಂದಕ್ಕೆ 20ರಂತೆ 140. ಉಳಿಯುವುದು ಬರೀ 25 ನಿಮಿಷ. ಒಂದು ಭಾಗ ಮುಗಿಸಿ ಮುಂದೆ ಹೋದರೆ ಹಿಂದಕ್ಕೆ ಬರಲಾಗದು. ತಪ್ಪಿಗೆ ಅಂಕ ಕಳೆಯುವುದಿಲ್ಲ, ಖಾಲಿ ಬಿಡಬೇಡ. ಮೂರನೇ ಭಾಗದ ನಂತರ ಸಿಗುವ 15 ನಿಮಿಷದ ಬಿಡುವಿಗೆ ಗಡಿಯಾರ ನಿಂತಿರುತ್ತದೆ, ಎದ್ದು ನೀರು ಕುಡಿ.

ಎನ್‌ಟಿಎಸ್ ಹೆಚ್ಚಿನ ರಾಜ್ಯಗಳಲ್ಲಿ ಆರೇ ತಿಂಗಳು ನಡೆಯುತ್ತದೆ. ನಾಲ್ಕು ಪತ್ರಿಕೆಗೂ ಒಟ್ಟಿಗೇ ತೆಗೆದು ಎರಡನ್ನು ಬರೆಯದೇ ಕಳೆದವರುಂಟು. ಒಂದೋ ಎರಡೋ ತಗೋ. ಒಂದು ಪತ್ರಿಕೆ ಪಾಸಾದ ಮೇಲೆ ಉಳಿದವನ್ನು ಮುಗಿಸಲು ಮೊದಲು 18 ತಿಂಗಳಿತ್ತು, ಈಗ ಬಹುತೇಕ ಕಡೆ 30.

ಇನ್ನೊಂದು ಮಾತು, ಅಜ್ಜಿಗೂ ತಿಳಿಸಿಬಿಡು: ಸಿಪಿಎ ಆದ ಮಾತ್ರಕ್ಕೆ ಇಲ್ಲಿ ಆಡಿಟ್ ವರದಿಗೆ ಸಹಿ ಹಾಕುವಂತಿಲ್ಲ, ಅದಕ್ಕೆ ಸಿಎ ಸದಸ್ಯತ್ವವೇ ಬೇಕು.

ಬರುವ ವಾರ ಆರೂ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡ್ ತೆಗೆದುಕೊಂಡು ಹೋಗಿ ವಿಶ್ವವಿದ್ಯಾಲಯದಲ್ಲಿ ಟ್ರಾನ್ಸ್‌ಕ್ರಿಪ್ಟಿಗೆ (ಎಲ್ಲ ಅಂಕಗಳ ಅಧಿಕೃತ ಪಟ್ಟಿ) ಅರ್ಜಿ ಹಾಕು. ಮೊಹರು ಹಾಕಿದ ಕವರನ್ನು ನಿನ್ನ ಕೈಗೇ ಕೊಟ್ಟರೆ ಒಡೆಯಬೇಡ.

ನಿನ್ನ ಅಮ್ಮ